ಸಮುವೇಲನಿಗೆ ಏಲಿ ಬೇಕು: ದೈವಕರೆ ಮತ್ತು ಧರ್ಮಕೇಂದ್ರದ ಹೊಣೆ

(ಪಾಲಕರು, ಧರ್ಮೋಪದೇಶದ ಶಿಕ್ಷಕರು ಮತ್ತು ಪಾಲನಾ ಸಮಿತಿಯ ಸದಸ್ಯರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ವಂದನೀಯ ಗುರುಗಳೇ, ಕನ್ಯಾಸ್ತ್ರೀಯರೇ, ಬಂಧುಗಳೇ,

ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯ ಹೊತ್ತಿಗೆ ನಾವು ಮತ್ತೆ ಮತ್ತೆ ಮುಂದಿಡುವ ಕೋರಿಕೆಯೊಂದಿದೆ. ಧರ್ಮಸಭೆಗೆ ಒಳ್ಳೆಯ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ದಯಪಾಲಿಸು ಎಂದು ಓದುವವರು ಓದುತ್ತಾರೆ, ಪ್ರಭುವೇ ನಮ್ಮ ಪ್ರಾರ್ಥನೆಯನ್ನು ಆಲಿಸು ಎಂದು ನಾವೆಲ್ಲರೂ ಒಕ್ಕೊರಲಿನಿಂದ ಹೇಳುತ್ತೇವೆ. ಹಾಗೆ ಹೇಳುವಾಗ ನಮ್ಮ ಪಕ್ಕದಲ್ಲೇ ನಿಂತಿರುವ ನಮ್ಮ ಮಗನ ಅಥವಾ ಮಗಳ ಮುಖ ನಮ್ಮ ಕಣ್ಣ ಮುಂದೆ ಬರುತ್ತದೆಯೇ ಎಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಬಹುಪಾಲು ಮನೆಗಳಲ್ಲಿ ಆ ಪ್ರಾರ್ಥನೆ ಬೇರೆಯವರ ಮನೆಯ ಮಕ್ಕಳಿಗಾಗಿ ನಡೆಯುತ್ತದೆ. ಯಾರನ್ನೂ ನೋಯಿಸಲು ಈ ಮಾತು ಹೇಳುತ್ತಿಲ್ಲ. ದೈವಕರೆಯ ಕುರಿತು, ಅಂದರೆ ಗುರುವಾಗಿಯೋ ಕನ್ಯಾಸ್ತ್ರೀಯಾಗಿಯೋ ಬದುಕಲು ದೇವರು ಕರೆಯುವುದರ ಕುರಿತು, ನಾವು ಮಾತಾಡುವುದಾದರೆ ಇಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಕರೆಯುವವನು ದೇವರು. ಅದರಲ್ಲಿ ನಮ್ಮದೇನೂ ಇಲ್ಲ. ಆದರೆ ಕರೆಯನ್ನು ಗುರುತಿಸುವುದು, ಗುರುತಿಸಿದ್ದನ್ನು ಆ ಹುಡುಗನಿಗೆ ಅಥವಾ ಹುಡುಗಿಗೆ ಬಾಯಿಬಿಟ್ಟು ಹೇಳುವುದು, ಹೇಳಿದ ಮೇಲೆ ಅವರ ಸ್ವಾತಂತ್ರ್ಯವನ್ನು ಕಾಪಾಡುವುದು ಇವೆಲ್ಲ ಮನುಷ್ಯರ ಕೆಲಸ. ಅದರಲ್ಲೂ ಆ ಮಗುವನ್ನು ತೊಟ್ಟಿಲಿನಿಂದಲೂ ಬಲ್ಲ ಧರ್ಮಕೇಂದ್ರದ, ಅಂದರೆ ಒಂದು ದೇವಾಲಯಕ್ಕೆ ಸೇರಿದ ವಿಶ್ವಾಸಿಗಳ ಸಮುದಾಯದ, ಕೆಲಸ. ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಗುರುಗಳ ತರಬೇತಿಯನ್ನು ಕುರಿತು ಹೊರಡಿಸಿದ ಆಜ್ಞಾಪತ್ರದಲ್ಲಿ ದೈವಕರೆಯನ್ನು ಪೋಷಿಸುವ ಕರ್ತವ್ಯ ಇಡೀ ಕ್ರೈಸ್ತ ಸಮುದಾಯದ್ದು ಎಂದು ಸ್ಪಷ್ಟವಾಗಿ ಹೇಳಿದೆ. ಕುಟುಂಬವನ್ನು ಮೊದಲ ಗುರುಮಠದಂತೆ, ಅಂದರೆ ಗುರುಗಳಾಗುವವರಿಗೆ ತರಬೇತಿ ಕೊಡುವ ಮೊದಲ ಮನೆಯಂತೆ, ಕಂಡಿದೆ, ಧರ್ಮಕೇಂದ್ರವನ್ನೂ ಹೆಸರಿಸಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 233ನೇ ವಿಧಿಯೂ ಇದನ್ನೇ ಕಾನೂನಿನ ಮಾತಿನಲ್ಲಿ ಹೇಳುತ್ತದೆ. ಪಾಸ್ಖ (ಈಸ್ಟರ್) ಕಾಲದ ನಾಲ್ಕನೆಯ ಭಾನುವಾರ, ಅಂದರೆ ಒಳ್ಳೆಯ ಕುರಿಗಾಹಿಯ ಭಾನುವಾರ, 1964ರಿಂದ ಜಗತ್ತಿನಾದ್ಯಂತ ದೈವಕರೆಗಾಗಿ ಪ್ರಾರ್ಥಿಸುವ ದಿನವಾಗಿದೆ. ಪ್ರಾರ್ಥನೆಯ ದಿನವನ್ನು ನಾವು ಉಳಿಸಿಕೊಂಡಿದ್ದೇವೆ. ಹೊಣೆಯನ್ನು ಮಾತ್ರ ಗುರುಗಳ ಮೇಲೂ, ವರ್ಷಕ್ಕೊಮ್ಮೆ ಬಂದು ಹೋಗುವ ದೈವಕರೆ ಪ್ರಚಾರಕರ ಮೇಲೂ ಬಿಟ್ಟಿದ್ದೇವೆ.

ಸಮುವೇಲನ ಮೊದಲ ಗ್ರಂಥದ ಮೂರನೆಯ ಅಧ್ಯಾಯ ನಮಗೆಲ್ಲ ಗೊತ್ತು. ಬಾಲಕ ಸಮುವೇಲ ದೇವಾಲಯದಲ್ಲಿ ಮಲಗಿದ್ದಾನೆ. ರಾತ್ರಿ ತನ್ನ ಹೆಸರು ಹಿಡಿದು ಯಾರೋ ಕರೆದಂತಾಗಿ ಎದ್ದು ಯಾಜಕ ಏಲಿಯ ಬಳಿಗೆ ಓಡುತ್ತಾನೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎನ್ನುತ್ತಾನೆ ಏಲಿ. ಮೂರು ಸಲ ಹೀಗೆಯೇ ಆಗುತ್ತದೆ. ಮೂರನೆಯ ಸಲ, ಹುಡುಗನನ್ನು ಕರೆಯುತ್ತಿರುವವನು ದೇವರೇ ಎಂಬುದು ಮುದುಕನಿಗೆ ಹೊಳೆಯುತ್ತದೆ; ಮತ್ತೆ ಕರೆ ಬಂದರೆ ಏನೆಂದು ಉತ್ತರಿಸಬೇಕೆಂಬುದನ್ನು ಅವನೇ ಹೇಳಿಕೊಡುತ್ತಾನೆ. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ಸಮುವೇಲನನ್ನು ಮುಂದೆ ನಿಲ್ಲಿಸುತ್ತೇವೆ. ದೊಡ್ಡವರು ಕೂಡಿರುವ ಇಂದಿನ ಸಭೆಯಲ್ಲಿ ಏಲಿಯನ್ನು ನೋಡೋಣ.

ಕರೆ ಸಮುವೇಲನ ಕಿವಿಗೆ ಬಿದ್ದಿತ್ತು, ಆದರೆ ಅದು ಯಾರ ದನಿ ಎಂದು ಅವನಿಗೆ ತಿಳಿಯಲಿಲ್ಲ. ದನಿ ಕೇಳದಿದ್ದ ಏಲಿಗೆ ಅದು ತಿಳಿಯಿತು. ಇದೇ ಧರ್ಮಕೇಂದ್ರದ ಪಾತ್ರ ಎಂದು ನಾನು ತಿಳಿಯುತ್ತೇನೆ. ಹದಿನಾಲ್ಕು ವರ್ಷದ ಹುಡುಗನಿಗೆ ಪ್ರಾರ್ಥನೆಯಲ್ಲಿ ಸಿಗುವ ನೆಮ್ಮದಿ, ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯುವ ಗುರುಗಳೊಡನೆ ಹೋಗಬೇಕೆಂಬ ಆಸೆ, ಜಗಳವಾಡಿದವರನ್ನು ಒಂದುಗೂಡಿಸುವ ಗುಣ ಇವು ಯಾವುದರ ಗುರುತು ಎಂದು ಅವನಿಗೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿರುವ ಹಿರಿಯರು ಹೇಳಬೇಕು. ಮತ್ತೊಂದು ವಿಷಯ: ಏಲಿಯ ಕಣ್ಣು ಮಂಜಾಗಿತ್ತು, ಅವನ ಸ್ವಂತ ಮಕ್ಕಳು ದಾರಿ ತಪ್ಪಿದ್ದರು, ಅವರನ್ನು ತಡೆಯಲು ಅವನಿಂದ ಆಗಿರಲಿಲ್ಲ. ಅಂಥ ಮನುಷ್ಯನಿಂದಲೂ ಸಮುವೇಲನಿಗೆ ಸರಿಯಾದ ದಾರಿ ಸಿಕ್ಕಿತು. ನಮ್ಮ ಮನೆ ಆದರ್ಶ ಕುಟುಂಬವಲ್ಲ, ನಮಗೇನು ಅರ್ಹತೆ ಇದೆ ಎಂದು ಹಿಂಜರಿಯುವ ಪಾಲಕರಿಗೆ ಈ ಅಧ್ಯಾಯ ದೊಡ್ಡ ಧೈರ್ಯ. ಮರುದಿನ ಬೆಳಿಗ್ಗೆ ಸಮುವೇಲ ಹೇಳಬೇಕಾಗಿ ಬಂದದ್ದು ಏಲಿಯ ಮನೆತನದ ಮೇಲಿನ ತೀರ್ಪನ್ನೇ; ಏಲಿ ಅದನ್ನೂ ಮುಚ್ಚಿಡಬೇಡ ಎಂದು ಕೇಳಿ ತಿಳಿದುಕೊಂಡ. ನಾವು ಬೆಳೆಸಿ ಕಳುಹಿಸಿದ ಯುವಕ ನಾಳೆ ಪೀಠದಿಂದ ನಮ್ಮ ತಪ್ಪನ್ನೇ ಎತ್ತಿ ಹೇಳಬಹುದು. ಅದಕ್ಕೂ ಸಿದ್ಧರಾಗಿರಬೇಕು.

ಈಗ ನಮ್ಮ ನಾಡಿನ ಚರಿತ್ರೆಗೆ ಬರುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಾವು ಬೇರೆ ದೇಶದ ಮಾದರಿ ಹುಡುಕಬೇಕಾಗಿಲ್ಲ. ಫ್ರಾನ್ಸಿನ ಬಯೋನ್ ಊರಿನಲ್ಲಿ 1868ರಲ್ಲಿ ಮದರ್ ವೆರೋನಿಕಾ ಅವರು ಆರಂಭಿಸಿದ ಅಪೊಸ್ತೋಲಿಕ್ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು 1870ರಲ್ಲಿ ಮಂಗಳೂರಿಗೆ ಬಂದಿಳಿದರು. ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸಲು ಕಡಲು ದಾಟಿ ಬಂದ ಆ ಸಹೋದರಿಯರ ಋಣ ನಮ್ಮ ಮೇಲಿದೆ. ಅಲ್ಲಿಂದ ಎರಡು ದಶಕವೂ ತುಂಬುವ ಮೊದಲೇ, 1887ರಲ್ಲಿ, ಯೇಸುಸಭೆಯ ಗುರು ಅರ್ಬನ್ ಸ್ಟೈನ್ ಅವರ ಮಾರ್ಗದರ್ಶನದಲ್ಲಿ ಮಂಗಳೂರಿನಲ್ಲೇ ಸ್ಥಳೀಯ ಯುವತಿಯರ ಗುಂಪೊಂದು ರೂಪುಗೊಂಡಿತು. ಇಂದಿನ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆಯ ಬೇರು ಅದು. ಬಳಿಕ 1921ರ ಜುಲೈ 16ರಂದು ಬೆಂದೂರಿನಲ್ಲಿ ಬೆಥನಿ ಸಭೆ ಹುಟ್ಟಿತು.

ಬೆಂದೂರಿನ ಸಂಗತಿಯ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲಲು ನನಗೆ ಮನಸ್ಸಿದೆ. ಬೆಥನಿ ಸಭೆಯನ್ನು ಸ್ಥಾಪಿಸಿದ ಮೊನ್ಸಿಞೋರ್ ರೇಮಂಡ್ ಫ್ರಾನ್ಸಿಸ್ ಕಮಿಲಸ್ ಮಸ್ಕರೇನ್ಹಸ್ ಅವರು ಬೆಂದೂರಿನ ಧರ್ಮಕೇಂದ್ರದ ಗುರುಗಳು. ಅವರು ಮಠಾಧಿಪತಿಯಾಗಿರಲಿಲ್ಲ, ಯಾವುದೇ ಸನ್ಯಾಸ ಸಭೆಯವರೂ ಅಲ್ಲ. ನಮ್ಮ ಗುರುಗಳ ಹಾಗೆ ಬಲಿಪೂಜೆ, ಪಾಪನಿವೇದನೆ, ಮದುವೆ, ಮಣ್ಣು, ಶಾಲೆಯ ಲೆಕ್ಕಪತ್ರ ಎಂದು ದಿನವಿಡೀ ಓಡಾಡುವ ಧರ್ಮಪ್ರಾಂತ್ಯದ ಗುರು. ದೇವರಿಗೆ ತಮ್ಮ ಬದುಕನ್ನು ಮುಡಿಪಿಡಬೇಕೆಂಬ ಆಸೆ ಹೊತ್ತ ಸ್ಥಳೀಯ ಯುವತಿಯರು ಅವರ ಕಣ್ಣಿಗೆ ಬಿದ್ದರು. ಹಳ್ಳಿಗಾಡಿನ ಹೆಣ್ಣುಮಕ್ಕಳಿಗೆ ಓದು ಸಿಗದೆ ಹೋಗುತ್ತಿರುವುದೂ ಕಣ್ಣಿಗೆ ಬಿತ್ತು. ಈ ಎರಡನ್ನೂ ಒಂದೇ ನೋಟದಲ್ಲಿ ಕಂಡದ್ದೇ ಅವರ ದೊಡ್ಡತನ. ನಾಲ್ವರು ಯುವತಿಯರಿಂದ ಆರಂಭವಾದ ಆ ಸಭೆ ಇಂದು ಕರ್ನಾಟಕದ ಗಡಿಯನ್ನೂ ದೇಶದ ಗಡಿಯನ್ನೂ ದಾಟಿ ಬೆಳೆದಿದೆ, ಮಸ್ಕರೇನ್ಹಸ್ ಅವರನ್ನು ಧರ್ಮಸಭೆ ದೇವರ ಸೇವಕರೆಂದು, ಅಂದರೆ ಸಂತ ಪದವಿಯ ಹಾದಿಯ ಮೊದಲ ಮೆಟ್ಟಿಲಿನಲ್ಲಿರುವವರೆಂದು, ಗೌರವಿಸುತ್ತದೆ. ಸಾವಿರಾರು ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದ ಒಂದು ಸಭೆ ಹುಟ್ಟಿದ್ದು ಒಂದು ಧರ್ಮಕೇಂದ್ರದ ಅಂಗಳದಲ್ಲಿ, ತನ್ನ ಜನರನ್ನು ಹೆಸರು ಹಿಡಿದು ಬಲ್ಲ ಒಬ್ಬ ಗುರುವಿನ ಗಮನದಿಂದ.

ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಗುರುಮಠ 1879ರಿಂದ ನಡೆದುಬಂದಿದೆ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠ ಪಾಂಡಿಚೇರಿಯಿಂದ 1934ರಲ್ಲಿ ಬೆಂಗಳೂರಿಗೆ ಬಂದಿತು. ಇವೆಲ್ಲ ದೊಡ್ಡ ಸಂಸ್ಥೆಗಳು, ಆದರೆ ಅವುಗಳಿಗೆ ಹುಡುಗರು ಹೋದದ್ದು ಹಳ್ಳಿಗಳ ಮನೆಗಳಿಂದ. ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನೇ ನೋಡಿ. ಆ ಕನ್ನಡ ಹಳ್ಳಿಯಿಂದ ಎಷ್ಟೋ ಮಂದಿ ಗುರುಗಳೂ ಕನ್ಯಾಸ್ತ್ರೀಯರೂ ಹೊರಬಂದಿದ್ದಾರೆ. ಅಲ್ಲಿ ಪ್ರಭು ಯೇಸುವಿನ ಯಾತನೆಯ ಕಥೆಯನ್ನು ಊರವರೇ ನಾಟಕವಾಗಿ ಆಡುವ ಸಂಪ್ರದಾಯ ತಲೆಮಾರುಗಳಿಂದ ಬಂದಿದೆ. ಉಳುವವರು, ರೇಷ್ಮೆ ಸಾಕುವವರು ಪೇತ್ರನಾಗಿ, ಪಿಲಾತನಾಗಿ ನಿಲ್ಲುವುದನ್ನು ನೋಡುತ್ತ ಬೆಳೆದ ಮಗುವಿಗೆ ಶುಭಸಂದೇಶ ಪುಸ್ತಕದೊಳಗಿನ ಸಂಗತಿಯಾಗಿ ಉಳಿಯುವುದಿಲ್ಲ. ಯಾವ ಶಿಬಿರವೂ ಯಾವ ಭಿತ್ತಿಪತ್ರವೂ ಅಂಥ ವಾತಾವರಣಕ್ಕೆ ಸಮನಾಗದು.

ವಿದೇಶದ ಒಂದು ಉದಾಹರಣೆಯನ್ನು ಮಾತ್ರ ಬಿಡಲಾರೆ, ಏಕೆಂದರೆ ನಮ್ಮ ಶಿಕ್ಷಕರು ಅದನ್ನು ಕೇಳಲೇಬೇಕು. ಧರ್ಮಕೇಂದ್ರದ ಗುರುಗಳೆಲ್ಲರ ಪಾಲಕ ಸಂತರಾದ ಜಾನ್ ಮರಿಯ ವಿಯಾನ್ನಿ ಅವರು ಹುಟ್ಟಿದ್ದು 1786ರಲ್ಲಿ, ಲಿಯಾನ್ ನಗರದ ಬಳಿಯ ರೈತ ಕುಟುಂಬದಲ್ಲಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಶಾಲೆ ಸರಿಯಾಗಿ ಸಿಗಲಿಲ್ಲ, ಲ್ಯಾಟಿನ್ ತಲೆಗೆ ಹತ್ತಲಿಲ್ಲ. ಲಿಯಾನಿನ ಗುರುಮಠದವರು ಈತನಿಂದಾಗದು ಎಂದು ಹಿಂದಕ್ಕೆ ಕಳುಹಿಸಿದರು. ಎಕ್ಯುಯಿ ಧರ್ಮಕೇಂದ್ರದ ಗುರು ಬಾಲೆ ಅವರು ಮಾತ್ರ ಕೈಬಿಡಲಿಲ್ಲ. ತಮ್ಮ ಮನೆಯಲ್ಲೇ ಇಟ್ಟುಕೊಂಡು ಪಾಠ ಹೇಳಿದರು, ಮೇಲಿನವರ ಬಳಿ ಹೋಗಿ ಈ ಯುವಕನ ಭಕ್ತಿಗೆ ನಾನು ಸಾಕ್ಷಿ ಎಂದು ವಾದಿಸಿದರು. 1815ರಲ್ಲಿ ವಿಯಾನ್ನಿಗೆ ಗುರುದೀಕ್ಷೆಯಾಯಿತು. ಮೊದಲ ಸೇವೆಯೂ ಅದೇ ಬಾಲೆಯವರ ಕೈಕೆಳಗೆ. ಮುಂದೆ ಆರ್ಸ್ ಎಂಬ ಕುಗ್ರಾಮದಲ್ಲಿ ಅವರ ಪಾಪನಿವೇದನೆಯ ಪೀಠದ ಮುಂದೆ ಯೂರೋಪಿನ ಮೂಲೆಮೂಲೆಗಳಿಂದ ಜನ ಬಂದು ಕಾದರು. ನಾವು ಇಂದಿಗೂ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ಬಂದವನನ್ನು ಎಂಜಿನಿಯರಿಂಗಿಗೆ ಕಳುಹಿಸಿ, ಅಂಕ ಬಾರದವನನ್ನು ಗುರುಮಠಕ್ಕೆ ಕಳುಹಿಸೋಣವೇ ಎಂದು ಯೋಚಿಸುವ ಮನೆಗಳನ್ನು ಕಾಣುತ್ತೇವೆ. ಎರಡೂ ತಪ್ಪು. ಅಂಕದಿಂದ ಕರೆಯನ್ನು ಅಳೆಯಲಾಗದು. ಬೇರೆಲ್ಲೂ ಸಲ್ಲದವನಿಗೆ ಗುರುಮಠ ಎಂಬ ಎಣಿಕೆ ಆ ಹುಡುಗನಿಗೂ ಅವಮಾನ, ಯಾಜಕತ್ವಕ್ಕೂ ಅವಮಾನ.

ಇಂದು ದೈವಕರೆಗಳು ಏಕೆ ಕಡಿಮೆಯಾಗುತ್ತಿವೆ ಎಂದು ಎಲ್ಲೆಡೆ ಕೇಳುತ್ತಾರೆ. ಕುಟುಂಬಗಳು ಚಿಕ್ಕದಾದವು ಎಂಬುದು ಮೊದಲು ಸಿಗುವ ಉತ್ತರ, ಅದರಲ್ಲಿ ಸತ್ಯವಿದೆ. ಏಳೆಂಟು ಮಕ್ಕಳಿದ್ದ ಮನೆಯಲ್ಲಿ ಒಬ್ಬರು ಗುರುಮಠಕ್ಕೂ ಒಬ್ಬರು ಕಾನ್ವೆಂಟಿಗೂ ಹೋದರೆ ವೃದ್ಧಾಪ್ಯದಲ್ಲಿ ತಂದೆತಾಯಿಯನ್ನು ನೋಡಿಕೊಳ್ಳಲು ಇತರರು ಇರುತ್ತಿದ್ದರು. ಒಬ್ಬನೇ ಮಗನಿರುವ ತಾಯಿಯ ಆತಂಕವನ್ನು ಭಕ್ತಿ ಕಡಿಮೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಹೊಲ ಮಾರಿ ಬೆಂಗಳೂರಿಗೆ ಬಂದವರು, ಗಲ್ಫಿಗೆ ಹೋದವರು, ಬಾಡಿಗೆ ಮನೆಗಳಲ್ಲಿ ವರ್ಷವರ್ಷ ಧರ್ಮಕೇಂದ್ರ ಬದಲಾಯಿಸುವವರು ಹೆಚ್ಚಾದಂತೆ ಮಕ್ಕಳನ್ನು ಹತ್ತಿರದಿಂದ ಬಲ್ಲ ಹಿರಿಯರೇ ಇಲ್ಲವಾಗುತ್ತಿದ್ದಾರೆ. ಆದರೂ ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ನಮ್ಮ ಊಟದ ಮನೆಯ ಮಾತು. ಪೂಜೆ ಮುಗಿಸಿ ಮನೆಗೆ ಬಂದು ಗುರುಗಳ ಪ್ರಬೋಧನೆ ಉದ್ದವಾಯಿತು, ಅವರಿಗೆ ಆ ಕಡೆಯವರೆಂದರೆ ಪ್ರೀತಿ, ಸಿಸ್ಟರ್ ಶಾಲೆಯ ಫೀಸಿನ ವಿಷಯದಲ್ಲಿ ಕಟುಕರು ಎಂದು ಮಕ್ಕಳ ಮುಂದೆ ಆಡಿದ ಮಾತು ಅವರ ಮನಸ್ಸಿನಲ್ಲಿ ಕೂರುತ್ತದೆ. ವಾರವಿಡೀ ದೂರುವ ಜೀವನಕ್ಕೆ ನೀನು ಹೋಗು ಎಂದು ಮಗುವಿಗೆ ಯಾವ ಬಾಯಿಯಿಂದ ಹೇಳುವುದು? ತಪ್ಪು ಮಾಡಿದ ಗುರುವಿನ ಬಗ್ಗೆ ಮೌನವಾಗಿರಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ಕೇಡಾದ ಕಡೆಗಳಲ್ಲಿ ಮೌನವೇ ಧರ್ಮಸಭೆಗೆ ದೊಡ್ಡ ಗಾಯವಾಯಿತು. ಹೇಳಬೇಕಾದದ್ದನ್ನು ಹೇಳಬೇಕಾದವರ ಮುಂದೆ, ಬೇಕಾದರೆ ಧರ್ಮಾಧ್ಯಕ್ಷರ ಮುಂದೆಯೂ ಪೊಲೀಸರ ಮುಂದೆಯೂ ನೇರವಾಗಿ ಹೇಳಿ. ಚಿಲ್ಲರೆ ದೂರನ್ನು ಮಕ್ಕಳ ತಟ್ಟೆಗೆ ಬಡಿಸಬೇಡಿ.

ನಮ್ಮ ಕನ್ನಡ ಧರ್ಮಕೇಂದ್ರಗಳಿಗೆ ಇನ್ನೊಂದು ಕಾಳಜಿಯೂ ಇದೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ನಮ್ಮ ನುಡಿಗೆ ಬಂದಿತು, ನಮ್ಮ ಅಜ್ಜಿಯರಿಗೆ ಅರ್ಥವಾಗುವ ಮಾತಿನಲ್ಲಿ ಪೀಠದ ಪ್ರಾರ್ಥನೆ ಕೇಳಿಸಿತು. ಆದರೆ ಸಾವಿನ ಹಾಸಿಗೆಯ ಮೇಲಿರುವ ರೈತನ ಕೊನೆಯ ಪಾಪನಿವೇದನೆಯನ್ನು ಅವನ ಊರಿನ ಕನ್ನಡದಲ್ಲಿ, ಅವನ ಗಾದೆ, ಅವನ ಸಂಕಟ, ಅವನ ಜಮೀನಿನ ವ್ಯಾಜ್ಯ ಸಹಿತ ಕೇಳಿ ತಿಳಿಯಬಲ್ಲ ಗುರು ಬೇಕು. ಬೇರೆ ಕಡೆಯಿಂದ ಬಂದು ಕನ್ನಡ ಕಲಿತು ಪ್ರೀತಿಯಿಂದ ಸೇವೆ ಮಾಡುತ್ತಿರುವ ಗುರುಗಳನ್ನೂ ಸಿಸ್ಟರುಗಳನ್ನೂ ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಹಾಗೆಂದು ನಮ್ಮ ಹಳ್ಳಿಗಳ ಸೇವೆಗೆ ಯಾವಾಗಲೂ ಬೇರೆಯವರೇ ಬರಲಿ ಎಂದು ಕಾಯುತ್ತ ಕೂರುವುದು ಸರಿಯಲ್ಲ. ಕನ್ನಡದ ಗುರುಗಳು ಬೇಕೆಂದು ಕೇಳುವ ಹಕ್ಕು ನಮಗಿದೆ, ಅದರ ಜೊತೆಗೆ ಮಗನನ್ನು ಕೊಡುವ ಹೊಣೆಯೂ ನಮ್ಮದೇ.

ಇನ್ನು ಕೇಳುವ ವಿಷಯ. ದೈವಕರೆಯ ಬಗ್ಗೆ ಸಾಮಾನ್ಯವಾಗಿ ಮಾತಾಡುವುದು ಸುಲಭ, ಒಬ್ಬನನ್ನು ಹೆಸರು ಹಿಡಿದು ಕೇಳುವುದು ಕಷ್ಟ. ಆದರೆ ಕೆಲಸ ಆಗುವುದು ಹೆಸರು ಹಿಡಿದು ಕೇಳಿದಾಗಲೇ. ಯೋವಾನ್ನನ ಶುಭಸಂದೇಶದ ಮೊದಲ ಅಧ್ಯಾಯವನ್ನು ಓದಿ ನೋಡಿ. ಸ್ನಾನಿಕ ಯೋವಾನ್ನ ತನ್ನ ಇಬ್ಬರು ಶಿಷ್ಯರಿಗೆ ಯೇಸುವನ್ನು ತೋರಿಸುತ್ತಾನೆ, ಅವರು ಅವನನ್ನು ಬಿಟ್ಟು ಯೇಸುವಿನ ಹಿಂದೆ ಹೋಗುತ್ತಾರೆ. ಆ ಇಬ್ಬರಲ್ಲಿ ಒಬ್ಬನಾದ ಅಂದ್ರೆಯ ತನ್ನ ಅಣ್ಣ ಸಿಮೋನನನ್ನು ಕರೆತರುತ್ತಾನೆ, ಫಿಲಿಪ್ಪ ನತಾನಯೇಲನ ಬಳಿ ಹೋಗಿ ಬಂದು ನೋಡು ಎನ್ನುತ್ತಾನೆ. ಅಲ್ಲಿ ಯಾರೂ ಸುಮ್ಮನೆ ಬರಲಿಲ್ಲ, ಯಾರಾದರೂ ಕರೆತಂದರು. ತೋರಿಸಿಕೊಟ್ಟ ಯೋವಾನ್ನನಿಗೆ ಶಿಷ್ಯರು ಕಡಿಮೆಯಾದರು, ಅದನ್ನು ಅವನು ನಷ್ಟವೆಂದು ಎಣಿಸಲಿಲ್ಲ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಒಂದು ಧರ್ಮಕೇಂದ್ರದಲ್ಲಿ ಎಂಟನೇ ತರಗತಿಯ ಪೀಠಬಾಲಕನೊಬ್ಬನಿದ್ದ. ಪೂಜೆಗೆ ಅರ್ಧ ಗಂಟೆ ಮೊದಲೇ ಬಂದು ದ್ರಾಕ್ಷಾರಸ ಮತ್ತು ನೀರಿನ ಪುಟ್ಟ ಕುಡಿಕೆಗಳನ್ನು ತೊಳೆದು ಒರೆಸಿ ಇಡುತ್ತಿದ್ದ. ಪೂಜಾಗ್ರಂಥದ ಬಣ್ಣದ ಪಟ್ಟಿಗಳನ್ನು ಆಯಾ ಪುಟಕ್ಕೆ ಸೇರಿಸಿ, ಧೂಪಾರತಿಯ ದಿನಗಳಲ್ಲಿ ಕೆಂಡ ಆರದಂತೆ ಊದುತ್ತ ಬಾಗಿಲ ಹಿಂದೆ ನಿಂತಿರುತ್ತಿದ್ದ. ಪೂಜೆ ಮುಗಿದೊಡನೆ ಉಳಿದ ಹುಡುಗರು ನಿಲುವಂಗಿ ಕಳಚಿ ಮೈದಾನಕ್ಕೆ ಓಡಿದರೂ ಇವನು ಮೇಣದ ಬತ್ತಿಗಳನ್ನು ಆರಿಸಿ, ಚೆಲ್ಲಿದ ಮೇಣವನ್ನು ಉಗುರಿನಿಂದ ಕೆರೆದು ತೆಗೆದು ಆಮೇಲೆ ಹೋಗುತ್ತಿದ್ದ. ಒಂದು ಸಂಜೆ ಅವನು ದೇವಾಲಯ ನೋಡಿಕೊಳ್ಳುವ ಹಿರಿಯರನ್ನು, ಗುರುಗಳು ದ್ರಾಕ್ಷಾರಸಕ್ಕೆ ಒಂದು ತೊಟ್ಟು ನೀರು ಏಕೆ ಬೆರೆಸುತ್ತಾರೆ ಎಂದು ಕೇಳಿದ. ಹೆಚ್ಚು ಓದಿರದ ಆ ಹಿರಿಯರು ಸರಿಯಾದ ಉತ್ತರವನ್ನೇ ಕೊಟ್ಟರು: ಆ ತೊಟ್ಟು ನಾವು, ಆ ದ್ರಾಕ್ಷಾರಸ ಕ್ರಿಸ್ತ, ಬೆರೆತ ಮೇಲೆ ಬೇರ್ಪಡಿಸಲಾಗದು. ಆಮೇಲೆ ಸಹಜವಾಗಿಯೇ, ನಿನಗೆ ಗುರುಗಳಾಗಬೇಕು ಎಂದು ಅನ್ನಿಸಿದೆಯೇನಪ್ಪಾ ಎಂದು ಕೇಳಿದರು. ಹುಡುಗ ಉತ್ತರಿಸಲಿಲ್ಲ, ಆದರೆ ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ಅವನು ಈಗ ಡಿಪ್ಲೊಮಾ ಓದುತ್ತಿದ್ದಾನೆ, ಗುರುಮಠದ ಯೋಚನೆ ಬಿಟ್ಟಿಲ್ಲ, ನಿರ್ಧಾರವನ್ನೂ ಮಾಡಿಲ್ಲ. ಅವನು ಹೋದರೂ ಹೋಗದಿದ್ದರೂ, ಆ ಮಾತನ್ನು ಅವನಿಗೆ ಒಬ್ಬರು ಹೇಳಿದರು ಎಂಬುದೇ ನನಗೆ ಮುಖ್ಯ.

ಕೇಳುವಾಗ ಯಾರನ್ನು ಕೇಳುತ್ತೇವೆ ಎಂಬುದೂ ಮುಖ್ಯ. ಗಾಯನ ವೃಂದದಲ್ಲಿ ಮುಂದಿರುವ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ, ಪಾಲನಾ ಸಮಿತಿಯವರ ಮನೆಯ ಮಕ್ಕಳೇ ನಮ್ಮ ಕಣ್ಣಿಗೆ ಮೊದಲು ಬೀಳುತ್ತಾರೆ. ಕೇರಿಯ ಕೊನೆಯ ಮನೆಯ ಹುಡುಗನನ್ನು, ಕೂಲಿಗೆ ಹೋಗುವ ತಾಯಿಯ ಮಗಳನ್ನು ಯಾರು ಕೇಳಿದ್ದಾರೆ? ಜಾತಿಯ ನೆರಳು ನಮ್ಮ ದೇವಾಲಯದ ಹೊಸ್ತಿಲಲ್ಲಿ ಪೂರ್ತಿ ಉಳಿದುಹೋಗಿಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಕೆಲಸಕ್ಕೆ ಇಳಿಯಬೇಕು. ಯೇಸು ಶಿಷ್ಯರನ್ನು ಆರಿಸಿದ್ದು ಬಲೆ ಸರಿಪಡಿಸುತ್ತಿದ್ದ ಬೆಸ್ತರ ನಡುವಿನಿಂದ, ಜನ ಹೀಗಳೆಯುತ್ತಿದ್ದ ಸುಂಕದವನ ಕಟ್ಟೆಯಿಂದ.

ಹೆಣ್ಣುಮಕ್ಕಳ ಕರೆಯನ್ನು ನಾವು ಇನ್ನೂ ಹೆಚ್ಚು ಮರೆತಿದ್ದೇವೆ. ಗುರುದೀಕ್ಷೆಯಾದರೆ ಊರಿಗೆ ಊರೇ ಮೆರವಣಿಗೆ, ಪೆಂಡಾಲು, ಊಟ; ಹೊಸ ಗುರುಗಳ ಅಂಗೈಗೆ ಹಚ್ಚಿದ ಪವಿತ್ರ ತೈಲವನ್ನು ಒರೆಸಿದ ಬಟ್ಟೆಯನ್ನು ತಾಯಿಗೆ ಕೊಡುವ ಸಂಪ್ರದಾಯವಿದೆ, ಆ ತಾಯಿ ಅದನ್ನು ಎದೆಗೊತ್ತಿಕೊಳ್ಳುವಾಗ ಅಳದವರು ಕಡಿಮೆ. ಅದು ಸುಂದರ, ಹಾಗೆಯೇ ಉಳಿಯಲಿ. ಆದರೆ ಅದೇ ಊರಿನ ಹೆಣ್ಣುಮಗಳೊಬ್ಬಳು ಆಜೀವ ವ್ರತ ಸ್ವೀಕರಿಸಿದ ಸುದ್ದಿ ಪೂಜೆಯ ಕೊನೆಯ ಪ್ರಕಟಣೆಗಳಲ್ಲಿ ಒಂದು ಸಾಲಾಗಿ ಮುಗಿಯುತ್ತದೆ. ಕುಷ್ಠರೋಗಿಗಳ ಗಾಯ ತೊಳೆದವರು, ಗುಡ್ಡಗಾಡಿನ ಶಾಲೆಗಳಲ್ಲಿ ಜೀವನ ಸವೆಸಿದವರು, ಸಾಯುವವರ ಪಕ್ಕದಲ್ಲಿ ರಾತ್ರಿಯಿಡೀ ಕೂತವರು ಬಹುಪಾಲು ಈ ಸಹೋದರಿಯರೇ. 1928ರಲ್ಲಿ ಹದಿನೆಂಟರ ಹರೆಯದಲ್ಲಿ ಸ್ಕೋಪ್ಯೆ ನಗರವನ್ನು ಬಿಟ್ಟು ಹೊರಟ, ಮುಂದೆ ಕೊಲ್ಕತ್ತದ ಮದರ್ ತೆರೇಸಾ ಆದ ಹುಡುಗಿಗೂ ಬಂಗಾಳದ ಮಿಷನರಿಗಳ ಸುದ್ದಿ ತಲುಪಿದ್ದು ತನ್ನ ಧರ್ಮಕೇಂದ್ರದಲ್ಲೇ. ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಸಿಸ್ಟರುಗಳ ಸೇವೆಯ ಸುದ್ದಿಯನ್ನು ಯಾರು ಓದಿ ಹೇಳುತ್ತಿದ್ದಾರೆ?

ಕೊನೆಯದಾಗಿ ಸ್ವಾತಂತ್ರ್ಯದ ಕುರಿತು. ಪ್ರೋತ್ಸಾಹ ಮತ್ತು ಒತ್ತಾಯಗಳ ನಡುವಿನ ಗೆರೆಯನ್ನು ಧರ್ಮಸಭೆ ಬಹಳ ಗಟ್ಟಿಯಾಗಿ ಎಳೆದಿದೆ. ಗುರುದೀಕ್ಷೆ ಪಡೆಯುವಂತೆ ಯಾರನ್ನೂ ಯಾವ ರೀತಿಯಲ್ಲೂ ಒತ್ತಾಯಿಸಬಾರದು, ಅರ್ಹನಾದವನನ್ನು ತಡೆಯಲೂಬಾರದು ಎಂದು ಕಾನೂನು ಸಂಹಿತೆಯ 1026ನೇ ವಿಧಿ ಹೇಳುತ್ತದೆ. ಮನೆಯ ಹರಕೆ ಎಂದು ಮಗನನ್ನು ತಳ್ಳುವ ತಂದೆಗೂ ಈ ವಿಧಿ ಅನ್ವಯಿಸುತ್ತದೆ, ಆಸೆಯಿರುವ ಮಗಳನ್ನು ಕೋಣೆಯಲ್ಲಿ ಕೂಡಿಹಾಕಿ ಮದುವೆಗೆ ಒಪ್ಪಿಸುವ ತಂದೆಗೂ ಅದರ ಆಶಯ ಅನ್ವಯಿಸುತ್ತದೆ. ದಾರಿಯೂ ದುಡುಕಿನ ದಾರಿಯಲ್ಲ. ಸನ್ಯಾಸ ಸಭೆಗಳಲ್ಲಿ ಹದಿನೇಳು ತುಂಬದೆ ನವಶಿಷ್ಯತ್ವಕ್ಕೆ, ಅಂದರೆ ವ್ರತಕ್ಕೆ ಮುಂಚಿನ ತರಬೇತಿಗೆ, ಸೇರಿಸುವಂತಿಲ್ಲ, ಅದು ಹನ್ನೆರಡು ತಿಂಗಳಾದರೂ ನಡೆಯಬೇಕು, ಆಮೇಲೆ ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತದ ಕಾಲ, ಇಪ್ಪತ್ತೊಂದು ತುಂಬಿದ ಮೇಲಷ್ಟೇ ಆಜೀವ ವ್ರತ. ಗುರುವಾಗಲು ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳಿಗೆಂದೇ ಆರು ವರ್ಷಗಳ ಓದು, ವಯಸ್ಸು ಇಪ್ಪತ್ತೈದು ಆಗಿರಬೇಕು. ಈ ವಿವರಗಳನ್ನು ಪಾಲಕರಿಗೆ ತಿಳಿಸಿದರೆ ಅರ್ಧ ಭಯ ಕಡಿಮೆಯಾಗುತ್ತದೆ: ಮಗಳನ್ನು ಶಿಬಿರಕ್ಕೆ ಕಳುಹಿಸಿದ ಮಾತ್ರಕ್ಕೆ ಯಾರೂ ಅವಳನ್ನು ಕಟ್ಟಿಹಾಕುವುದಿಲ್ಲ, ಒಂದೊಂದು ಮೆಟ್ಟಿಲಲ್ಲೂ ನಿಂತು ಯೋಚಿಸಲು ಸಮಯವಿದೆ, ಹಿಂದಿರುಗುವ ಬಾಗಿಲೂ ತೆರೆದಿದೆ.

ಆ ಬಾಗಿಲಿನಿಂದ ಹಿಂದಿರುಗಿ ಬಂದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಗುರುಮಠದಿಂದ ನಾಲ್ಕು ವರ್ಷಕ್ಕೆ ಮರಳಿದ ಯುವಕನನ್ನು ಓಡಿಬಂದವನು ಎನ್ನುತ್ತಾರೆ. ಕಾನ್ವೆಂಟಿನಿಂದ ಮರಳಿದ ಹುಡುಗಿಗಂತೂ ಗಂಡು ಹುಡುಕುವಾಗ ಪ್ರತಿ ಮನೆಯಲ್ಲೂ ಅದೇ ಪ್ರಶ್ನೆ. ಮಗ ಬಂದ ಮೇಲೆ ನಾಚಿಕೆಯಿಂದ ಬೇರೆ ದೇವಾಲಯಕ್ಕೆ ಪೂಜೆಗೆ ಹೋಗತೊಡಗಿದ ಕುಟುಂಬವನ್ನು ನಾನು ಬಲ್ಲೆ. ಪ್ರಾಮಾಣಿಕವಾಗಿ ಹುಡುಕಿ, ಇದು ನನ್ನ ದಾರಿಯಲ್ಲ ಎಂದು ಪ್ರಾಮಾಣಿಕವಾಗಿ ತಿಳಿದುಕೊಂಡು ಬಂದವರು ಸೋತವರಲ್ಲ. ಅವರು ಪ್ರಾರ್ಥನೆ ಕಲಿತಿದ್ದಾರೆ, ಶುಭಸಂದೇಶ ಓದಿದ್ದಾರೆ, ನಾಳೆ ನಮ್ಮ ಅತ್ಯುತ್ತಮ ಧರ್ಮೋಪದೇಶ ಶಿಕ್ಷಕರೂ ಒಳ್ಳೆಯ ಗಂಡ, ಹೆಂಡತಿ, ತಂದೆ, ತಾಯಿಯೂ ಆಗಬಲ್ಲರು. ಮರಳಿದವರಿಗೆ ಮರ್ಯಾದೆ ಸಿಗುವ ಊರಿನಲ್ಲಿ ಹೊಸಬರು ಧೈರ್ಯವಾಗಿ ಹೋಗುತ್ತಾರೆ. ಮರಳಿದವರನ್ನು ಹಂಗಿಸುವ ಊರಿನಲ್ಲಿ ಮನಸ್ಸಿದ್ದವರೂ ಹೊರಡುವುದಿಲ್ಲ, ಹೋದ ಕೆಲವರು ಕರೆಯಿಲ್ಲವೆಂದು ತಿಳಿದ ಮೇಲೂ ನಾಚಿಕೆಗೆ ಅಂಜಿ ಅಲ್ಲೇ ಉಳಿದುಬಿಡುತ್ತಾರೆ, ಅದರ ಕಹಿಯನ್ನು ಮುಂದೆ ಒಂದು ಧರ್ಮಕೇಂದ್ರ ಉಣ್ಣಬೇಕಾಗುತ್ತದೆ.

ನಮ್ಮ ಧರ್ಮಕೇಂದ್ರದ ಮುಂದೆ ಕೆಲವು ಕೋರಿಕೆಗಳನ್ನು ಇಡುತ್ತೇನೆ. ತಿಂಗಳ ಮೊದಲ ಗುರುವಾರ ಸಂಜೆ ದೈವಕರೆಗಾಗಿ ಒಂದು ಗಂಟೆಯ ಆರಾಧನೆ ನಡೆಯಲಿ, ಪ್ರತಿ ಸಲವೂ ಒಂದೊಂದು ಕಿರು ಕ್ರೈಸ್ತ ಸಮುದಾಯ (ಧರ್ಮಕೇಂದ್ರದೊಳಗಿನ ನೆರೆಹೊರೆ ಕುಟುಂಬಗಳ ಗುಂಪು) ಅದನ್ನು ವಹಿಸಿಕೊಳ್ಳಲಿ. ಧರ್ಮೋಪದೇಶದ ಪ್ರತಿ ಶಿಕ್ಷಕರೂ ವರ್ಷದ ಕೊನೆಯಲ್ಲಿ ತಾವು ಗಮನಿಸಿದ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯ ಹೆಸರನ್ನು ಗುರುಗಳಿಗೆ ತಿಳಿಸಲಿ, ಅದಕ್ಕೂ ಮುಂಚೆ ಆ ಮಕ್ಕಳ ತಂದೆತಾಯಿಯೊಂದಿಗೆ ಮಾತಾಡಲಿ. ಮಕ್ಕಳನ್ನು ಶಿಬಿರ, ಕಾನ್ವೆಂಟ್, ಗುರುಮಠಗಳಿಗೆ ಕರೆದೊಯ್ಯುವಾಗ ಇಬ್ಬರು ಪಾಲಕರು ಕಡ್ಡಾಯವಾಗಿ ಜೊತೆಗಿರಲಿ, ಮಕ್ಕಳ ಸುರಕ್ಷತೆಯ ನಿಯಮಗಳನ್ನು ಮೊದಲೇ ಎಲ್ಲರಿಗೂ ಓದಿ ಹೇಳಲಿ. ನಮ್ಮ ಊರಿನಿಂದ ಹೊರಟು ಬೇರೆಡೆ ಸೇವೆಯಲ್ಲಿರುವ ಸಿಸ್ಟರುಗಳು ರಜೆಗೆ ಬಂದಾಗ ಒಂದು ಭಾನುವಾರ ಪೂಜೆಯ ನಂತರ ಅವರ ಮಾತು ಕೇಳೋಣ, ವ್ರತ ಸ್ವೀಕಾರದ ದಿನ ಇಲ್ಲಿಂದ ಒಂದು ಬಸ್ಸು ಹೊರಡಲಿ. ಬರುವ ಪಾಲನಾ ಸಮಿತಿಯ ಸಭೆಯಲ್ಲಿ ಇವನ್ನು ಚರ್ಚೆಗೆ ತೆಗೆದುಕೊಳ್ಳಲು ಗುರುಗಳು ಒಪ್ಪಿದ್ದಾರೆ. ಮೊದಲ ಗುರುವಾರದ ಆರಾಧನೆಗೆ ಯಾವ ಸಮುದಾಯ ಮುಂದೆ ಬರುತ್ತದೆ ಎಂಬುದನ್ನು ಈ ಸಭೆ ಚದುರುವ ಮುನ್ನ ಹೆಸರು ಬರೆದುಕೊಂಡು ತೀರ್ಮಾನಿಸೋಣ.